ಇನ್ನೂ ಎಪ್ಪತ್ತು ಬಾಕಿ

ಶಿಷ್ಯ ಕೇಳಿದ: "ಗುರುಗಳೇ, ಮೊದಲ ವರ್ಷ ಧ್ಯಾನಕ್ಕೆ ಕೂತರೆ ಮನಸ್ಸಿನೊಡನೆ ಹೆಣಗಿ ಮೈಯೆಲ್ಲ ಬೆವರುತ್ತಿತ್ತು. ಈಗ ಕೂತೊಡನೆ ಮನಸ್ಸು ನಿಲ್ಲುತ್ತದೆ, ದಣಿವೇ ಇಲ್ಲ. ನನ್ನ ಸಾಧನೆ ಸೊರಗಿತೇ? ಉಪವಾಸ ಹಿಡಿಯಲೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಗೃಹಿಣಿಯಿದ್ದಳು. ವಿಜ್ಞಾನ ಓದಿದವಳು. ಏನನ್ನೇ ಆಗಲಿ ಬರೆದಿಡುವುದು ಅವಳ ಅಭ್ಯಾಸ. ತನ್ನ ಲೆಕ್ಕ ತಪ್ಪುವುದಿಲ್ಲ ಎಂಬುದು ಅವಳ ಹೆಮ್ಮೆ. ಮೈಯಲ್ಲಿ ಸಕ್ಕರೆ ಏರಿದಾಗ ವೈದ್ಯರು, ದಿನಕ್ಕೊಂದು ಗಂಟೆ ಏನಾದರೂ ಆಡಿ ಎಂದರು. ಅವಳು ನಾದಿನಿಯ ಜೊತೆ ಪಿಕಲ್‌ಬಾಲ್ ಆಡತೊಡಗಿದಳು; ಬಲೆಯ ಆಚೀಚೆ ನಿಂತು ಹಲಗೆಯಂಥ ಬ್ಯಾಟಿನಿಂದ ಚೆಂಡು ಹೊಡೆಯುವ ಆಟ.

ತೂಕ, ಆಡಿದ ಹೊತ್ತು ಎರಡನ್ನೂ ತುಂಬಿದರೆ ಎಷ್ಟು ಕ್ಯಾಲೊರಿ ಕರಗಿತೆಂದು ಮೊಬೈಲು ಅಂದಾಜು ಹೇಳುತ್ತಿತ್ತು. ಮೊದಲ ದಿನ ನಾನೂರ ಹತ್ತು. ಅವಳು ಬರೆದುಕೊಂಡಳು. ಅದಕ್ಕಿಂತ ಕಡಿಮೆಯಾಗಬಾರದು ಎಂದು ಮನಸ್ಸಿನಲ್ಲೇ ಗೆರೆ ಎಳೆದಳು.

ಆದರೆ ತಿಂಗಳು ತಿಂಗಳಿಗೂ ಅಂಕಿ ಇಳಿಯುತ್ತ ಬಂತು. ಎಂಟನೆಯ ತಿಂಗಳಲ್ಲಿ ಅದೇ ಒಂದು ಗಂಟೆಗೆ ಮುನ್ನೂರ ನಲವತ್ತು. ತನ್ನ ಕೈಕಾಲು ಕಳ್ಳತನ ಕಲಿತಿವೆ ಎಂದುಕೊಂಡಳು. ಆಟದ ಹೊತ್ತು ಹೆಚ್ಚಿಸಿದಳು. ಮಂಡಿ ನೋಯುತ್ತಿತ್ತು, ಅದನ್ನು ಮಾತ್ರ ಬರೆಯಲಿಲ್ಲ.

"ಸಾಕು ಬನ್ನಿ ಅತ್ತಿಗೆ, ಚೆಂಡಿಗೂ ಸುಸ್ತಾಗಿದೆ" ಎಂದಳು ನಾದಿನಿ.

"ನಿನಗೆ ಸುಸ್ತಾದರೆ ಕೂತ್ಕೋ. ನನಗೆ ಇನ್ನೂ ಎಪ್ಪತ್ತು ಬಾಕಿ."

ಒಂದು ಬೆಳಿಗ್ಗೆ ಚೆಂಡಿಗೆ ತಿರುಗಿದವಳು ಅಲ್ಲೇ ಕುಸಿದಳು.

ವೈದ್ಯರು ಮಂಡಿ ಒತ್ತಿ ನೋಡಿದರು. "ಸಕ್ಕರೆ ಹದಕ್ಕೆ ಬಂದು ಎರಡು ತಿಂಗಳಾಯಿತು. ಇಷ್ಟು ಯಾಕಮ್ಮ ಆಡಿದಿರಿ?" ಎಂದರು.

ಅವಳು ಪುಸ್ತಕ ಮುಂದಿಟ್ಟು, ಇಳಿದ ಅಂಕಿಗಳನ್ನು ತೋರಿಸಿದಳು. ವೈದ್ಯರು ಹಾಳೆ ತಿರುವಿದರು. ಹಿಂದಿನ ಪುಟದಲ್ಲಿ ಅವಳದೇ ಅಕ್ಷರದಲ್ಲಿ ಅವಳ ತೂಕವಿತ್ತು: ಮೊದಲು ಎಂಬತ್ತೆರಡು ಕಿಲೋ, ಈಗ ಅರವತ್ತೆಂಟು.

"ಹದಿನಾಲ್ಕು ಕಿಲೋ ಹೊತ್ತುಕೊಂಡು ಓಡುತ್ತಿದ್ದಿರಿ, ಈಗ ಹೊರುತ್ತಿಲ್ಲ. ಹಗುರಾದ ಮೈ ಅಷ್ಟೇ ಆಟಕ್ಕೆ ಕಡಿಮೆ ಸುಡುತ್ತದೆ. ನಿಮ್ಮ ಲೆಕ್ಕ ಸರಿಯಾಗಿಯೇ ಇದೆ ಅಮ್ಮ. ಮಂಡಿ ಮಾತ್ರ ಇನ್ನು ಆಟಕ್ಕೆ ಬರುವುದಿಲ್ಲ."

ಅವಳು ಹಾಳೆಯನ್ನು ಹಿಂದೆ ಮುಂದೆ ತಿರುವಿ ಎರಡೂ ಪುಟಗಳನ್ನು ನೋಡಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ, "ಅಷ್ಟು ಓದಿದವಳು ಅಷ್ಟು ದಿನ ಹುಡುಕಿದ್ದಾದರೂ ಏನನ್ನು?" ಎಂದ.

"ತಾನೇ ಇಳಿಸಿ ಬಂದ ಹೊರೆಯನ್ನು" ಎಂದರು ಗುರುಗಳು.