ಮುದಕಪ್ಪ ರೋಗ ತಡೆದದ್ದು

ಲಗಮವ್ವನಿಗೆ ಮುದಕಪ್ಪನೆಂಬ ಒಬ್ಬನೇ ಮಗ. ಮೈ ಎತ್ತಿನದು. ಬುದ್ಧಿಯೂ ಎತ್ತಿನಷ್ಟಾದರೂ ಇದ್ದಿದ್ದರೆ ಆಕೆ ದೇವರಿಗೆ ಕಾಯಿ ಒಡೆಸುತ್ತಿದ್ದಳು. ಮಗಳು ವಾಂತಿಭೇದಿಯಲ್ಲಿ ತೀರಿಹೋಗಿ ಅವಳ ಕೂಸು ಲಗಮವ್ವನ ಮಡಿಲಿಗೆ ಬಂದಿತ್ತು. ಇದೊಂದು ಉಳಿದರೆ ಸಾಕೆಂದು ಆಕೆ ಜೀವ ಹಿಡಿದುಕೊಂಡಿದ್ದಳು.

ರೋಗ ನೀರಿನಲ್ಲಿ ಬರುತ್ತದೆ, ಕೂಸಿಗೆ ಕುದಿಸಿದ ನೀರೇ ಕೊಡು ಎಂದು ಮಗನಿಗೆ ಹೇಳಿದಳು. ಮುದಕಪ್ಪ ಕೊತಕೊತ ಕುದಿಸಿದ. ಆಮೇಲೆ ಎರೆಯುವ ನೀರಿಗೆ ಮಾಡುವಂತೆ ಕೆರೆಯ ತಣ್ಣೀರು ಬೆರೆಸಿ, ಕೈ ಅದ್ದಿ ಹದ ನೋಡಿ, ಬಟ್ಟಲು ತುಂಬಿದ. ಲಗಮವ್ವ ಓಡಿ ಬಂದು ಕಸಿದುಕೊಂಡಳು. ನೀರಿಗೆ ಏನೂ ಬೆರೆಸಬಾರದೋ ಹುಚ್ಚಪ್ಪಾ, ಮುಚ್ಚಿಡಬೇಕು ಎಂದು ಬೈದಳು.

ಹೂಂ ಅಂದ.

ಓಣಿಗೆ ಡೆಂಗಿ ಜ್ವರ ಬಂತು. ಹಿತ್ತಲ ನೀರಿನ ಬಾನಿಯ ತುಂಬ ಸೊಳ್ಳೆಮರಿಗಳು. ಮುದಕಪ್ಪ ಮರಿಗಳ ಸಮೇತ ಬಾನಿ ಮುಚ್ಚಿಟ್ಟ. ಕೆಲವು ದಿನ ಬಿಟ್ಟು ಲಗಮವ್ವ ಮುಚ್ಚಳ ತೆಗೆದರೆ ಸೊಳ್ಳೆಗಳು ಮುಖಕ್ಕೇ ಎದ್ದವು. ನಿಂತ ನೀರು ಕಂಡರೆ ಚೆಲ್ಲಬೇಕೋ ಎಂದು ಹಣೆ ಬಡಿದುಕೊಂಡಳು.

ಹೂಂ ಅಂದ. ಒಳಗೆ ಹೋಗಿ ಕೂಸಿನ ಕುದಿಸಿದ ನೀರಿನ ತಂಬಿಗೆ ನೋಡಿದ. ಅದೂ ನಿಂತೇ ಇತ್ತು. ಚೆಲ್ಲಿದ.

"ಇನ್ನ ಮ್ಯಾಲೆ ಅವ್ವನ್ನ ಕೇಳದ ಏನೂ ಮಾಡಬ್ಯಾಡ," ಎಂದಳು ಲಗಮವ್ವ. ಬೈಯಲು ಆಕೆಗೆ ಉಸಿರೇ ಸಾಲದು. ಕೆಮ್ಮು ಹತ್ತಿತ್ತು.

ಕ್ಷಯವೆಂದರು ಡಾಕ್ಟರು. ಬಿಡದೆ ಗುಳಿಗೆ ನುಂಗಿದರೆ ವಾಸಿಯಾಗುತ್ತದೆ, ಆದರೆ ಕೆಮ್ಮಿದರೆ ಗಾಳಿಯಲ್ಲಿ ಹರಡುತ್ತದೆ, ಸದ್ಯ ಕೂಸಿನಿಂದ ದೂರವಿರು ಎಂದರು. ಲಗಮವ್ವ ಪಕ್ಕದ ಮನೆಯ ಫಕೀರವ್ವನಿಗೆ ಕೈಮುಗಿದು, ಮನೆಗೇ ಬಂದು ಕೂಸನ್ನು ನೋಡಿಕೊಳ್ಳಲು ಒಪ್ಪಿಸಿದಳು. ಹೊಲದ ಗುಡಿಸಲಿಗೆ ಹೊರಡುವಾಗ, ಬಾಯಿಗೆ ಸೆರಗು ಒತ್ತಿ ಅಂಗಳದಿಂದಲೇ ಮಗನಿಗೆ ಹೇಳಿದಳು.

"ಫಕೀರವ್ವನ ಬಿಟ್ಟು ಯಾರನ್ನೂ ಕೂಸಿನ ಹತ್ತರ ಬಿಡಬ್ಯಾಡ. ನಾನ ಬಂದರೂ ಬಿಡಬ್ಯಾಡ."

ಹೂಂ ಅಂದ.

ಕಫದ ಪರೀಕ್ಷೆಯಾಗಿ, ಇನ್ನು ಮನೆಗೆ ಹೋಗಬಹುದೆಂದು ಡಾಕ್ಟರು ಹೇಳಿದ ದಿನ ಲಗಮವ್ವ ಬಿದ್ದೆದ್ದು ಬಂದಳು. ಒಳಗೆ ಕೂಸು ಗುಂಡಗಾಗಿ ಆಡಿಕೊಂಡಿತ್ತು. ಬಾಗಿಲಿಗೆ ಅಡ್ಡಲಾಗಿ ಮುದಕಪ್ಪ ಕೂತಿದ್ದ, ಕಾದು ಕಾದು ಅರ್ಧ ಮೈಯಾಗಿದ್ದ. ಗುಣವಾಯಿತು, ಡಾಕ್ಟರೇ ಕಳಿಸಿದರು ಎಂದು ಎಷ್ಟು ಹೇಳಿದರೂ ಏಳಲೊಲ್ಲ. ತನ್ನ ಕಣ್ಣಲ್ಲೇ ನೀರು ಸುರಿಯುತ್ತಿದ್ದರೂ ಏಳಲೊಲ್ಲ.

"ಒಮ್ಮೆ ಕೂಸನ್ನ ಎತ್ತಿಕೊಳ್ಳತೇನೋ, ಎಪ್ಪಾ," ಎಂದಳು.

ಮುದಕಪ್ಪ ಬಹಳ ಹೊತ್ತು ಯೋಚಿಸಿದ. ಆಮೇಲೆ ಎದ್ದು, ತಾನು ಕೂತ ಜಾಗದಲ್ಲಿ ಆಕೆಯನ್ನು ಕೂರಿಸಿದ.

"ಅವ್ವನ್ನ ಕೇಳದ ನಾ ಏನೂ ಮಾಡಂಗಿಲ್ಲ. ಅಕಿ ಹೊಲದಾಗ ಅದಾಳ, ಓಡಿ ಹೋಗಿ ಕೇಳಿ ಬರತೇನಿ. ಅಲ್ಲೀತನ ಬಾಗಿಲಾ ನೀ ಕಾಯಿ. ಯಾರನ್ನೂ ಒಳಗ ಬಿಡಬ್ಯಾಡ."

ಅಂದವನೇ ಹೊಲದ ಕಡೆ ಓಡಿದ.