ಮೂವತ್ತಕ್ಕೆ ಇಪ್ಪತ್ತೇಳು

ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಎಂಎಂಎ ಪಂದ್ಯ ತುಮಕೂರಿಗೂ ಬಂತು. ಪ್ರಾಯೋಜಕರು ಟ್ಯುಟೋರಿಯಲ್ ಮಾಲೀಕ ಪರಮಶಿವಯ್ಯ. ಕೊನೆಯ ಪಂದ್ಯದಲ್ಲಿ ಅವರ ಮಗ ತೇಜಸ್ವಿಗೆ ಎದುರಾಳಿ ಗ್ಯಾರೇಜಿನ ಚೆಲುವರಾಜ.

ಪಂದ್ಯಕ್ಕೆ ಮುಂಚೆ ಪರಮಶಿವಯ್ಯ, ತೀರ್ಪುಗಾರರ ಅಂಕ ಕೂಡಿಸುವ ಗುಮಾಸ್ತೆಯನ್ನು ಕರೆಸಿದರು.

"ನೋಡಮ್ಮ, ಫಲಿತಾಂಶ ನನ್ನ ಮರ್ಯಾದೆಗೆ ತಕ್ಕ ಹಾಗಿರಬೇಕು. ಇಲ್ಲದಿದ್ದರೆ ನಾಳೆಯಿಂದ ನೀನು ಈ ಕೆಲಸದಲ್ಲಿರಲ್ಲ."

"ಮರ್ಯಾದೆಗೆ ಎಷ್ಟು ಅಂಕ ಬೇಕು ಸಾರ್?"

ಇಪ್ಪತ್ತು ವರ್ಷದಿಂದ ಟ್ಯುಟೋರಿಯಲ್ ಬೋರ್ಡಿನ ಮೇಲೆ ಬರೆಸಿಕೊಂಡು ಬಂದದ್ದೇ ಅವರ ಬಾಯಿಗೆ ಬಂತು. "ತೊಂಬತ್ತು ಪರ್ಸೆಂಟಿಗೆ ಕಡಿಮೆ ಆಗಬಾರದು."

"ಅಷ್ಟು ಸಾಕಾ ಸಾರ್? ಹಾಗಾದರೆ ಒಂದು ಚೀಟಿಯಲ್ಲಿ ಬರೆದುಕೊಡಿ."

ಅವರು ಬರೆದು, ಸಹಿಯನ್ನೂ ಹಾಕಿಕೊಟ್ಟರು.

ಮೂರು ಸುತ್ತೂ ತೇಜಸ್ವಿ ಏಟು ತಿಂದ. ಒಂದು ಕಣ್ಣು ಊದಿ ಮುಚ್ಚಿಹೋಯಿತು. ರೆಫರಿ ಚೆಲುವರಾಜನ ಕೈ ಎತ್ತಿದ. ಪರಮಶಿವಯ್ಯ ಸೀದಾ ಗುಮಾಸ್ತೆಯ ಮೇಜಿಗೆ ನುಗ್ಗಿದರು.

ಆಕೆ ಅಂಕದ ಹಾಳೆ ಅವರ ಕಡೆ ತಿರುಗಿಸಿದಳು. "ಈ ಆಟದಲ್ಲಿ ಸುತ್ತು ಗೆದ್ದವನಿಗೆ ಹತ್ತು, ಸೋತವನಿಗೆ ಸಾಮಾನ್ಯವಾಗಿ ಒಂಬತ್ತು. ಮೂರೂ ಸುತ್ತು ಸೋತು ನಿಮ್ಮ ಮಗ ಮೂವತ್ತಕ್ಕೆ ಇಪ್ಪತ್ತೇಳು ತೆಗೆದಿದ್ದಾರೆ. ಸರಿಯಾಗಿ ತೊಂಬತ್ತು ಪರ್ಸೆಂಟ್. ನಿಮ್ಮ ಚೀಟಿ ಇಲ್ಲಿದೆ."

ಪರಮಶಿವಯ್ಯ ಬೆರಳು ಮಡಿಸಿ ಲೆಕ್ಕ ಹಾಕಿದರು. ತಪ್ಪು ಸಿಗಲಿಲ್ಲ. ಮುಖ ಸ್ವಲ್ಪ ಅರಳಿತು ಕೂಡ. ಅಷ್ಟರಲ್ಲಿ ಪಕ್ಕದ ಮೂವತ್ತಕ್ಕೆ ಮೂವತ್ತು ಕಣ್ಣಿಗೆ ಬಿತ್ತು.

"ಗ್ಯಾರೇಜಿನವನಿಗೆ ನೂರಕ್ಕೆ ನೂರಾ? ಕಾಪಿ ಮಾಡಿರಬೇಕು."

"ಇರಬಹುದು ಸಾರ್," ಎಂದಳು ಗುಮಾಸ್ತೆ. "ಮೂರು ಸುತ್ತೂ ನಿಮ್ಮ ಮಗನ ಮುಖ ಬಿಟ್ಟು ಅವನು ಬೇರೆಲ್ಲೂ ನೋಡಲಿಲ್ಲ."