ಹತ್ತನೆಯ ರಾಶಿ

"ಅಯ್ಯನವರೇ, ದಶಮಾಂಶವನ್ನು ಸಭೆಗೇ ಕೊಡಬೇಕೆ?" ಎಂದು ಶಿಷ್ಯ ನತಾನಿಯೇಲ ಕ್ರೈಸ್ತ ಸಭೆಯ ಬೋಧಕರಾದ ಅಯ್ಯನವರನ್ನು ಕೇಳಿದ. "ಹತ್ತು ಪಾಲು ಮಾಡಿ ಒಂದನ್ನು ಎತ್ತಿಡುವುದು ವ್ಯಾಪಾರದ ಹಾಗೆ ಕಾಣುತ್ತದೆ. ಇಲ್ಲದವರಿಗೆ ನನ್ನ ಕೈಯಿಂದಲೇ ಕೊಟ್ಟರೆ ಅದರಲ್ಲಿ ಹೆಚ್ಚು ಪ್ರೀತಿ ಇರುವುದಿಲ್ಲವೆ?"

ಅಯ್ಯನವರು ನಕ್ಕರು. "ನಿನ್ನಲ್ಲಿ ಪ್ರೀತಿಗೇನೂ ಬರವಿಲ್ಲ. ಕೂತುಕೋ" ಎಂದು ಈ ಕತೆ ಹೇಳಿದರು.

ಕಡಲ ದಡದಲ್ಲಿ ಒಬ್ಬ ದೋಣಿಯವನಿದ್ದ. ಹಿಡಿದು ತಂದ ಮೀನನ್ನು ಮರಳಿನ ಮೇಲೆ ಹತ್ತು ರಾಶಿ ಮಾಡುವುದು ಅವನ ಪದ್ಧತಿ. ದೋಣಿಗೆ, ಬಲೆಗೆ, ಆಳುಗಳಿಗೆ ಸೇರಿ ಒಂಬತ್ತು. ಹತ್ತನೆಯದು ದೇವರದು. ಮೀನನ್ನು ದೇವಾಲಯದಲ್ಲಿ ಕೂಡಿಡಲು ಆಗುತ್ತದೆಯೆ? ಆದ್ದರಿಂದ, ಯಾರ ಮನೆಯಲ್ಲಿ ಕಡಲಿಗೆ ಇಳಿಯುವ ಗಂಡಸಿಲ್ಲವೋ ಅವರು ಆ ರಾಶಿಯನ್ನು ಒಯ್ಯಲಿ ಎಂದು ಸಭೆಯ ಹಿರಿಯರು ಗೊತ್ತುಮಾಡಿದ್ದರು. ಅಂಥವಳು ಒಬ್ಬ ವಿಧವೆ. ದೋಣಿಯವನು ಬಲೆ ತೊಳೆಯಲು ಆಚೆ ಹೋದಾಗ ಅವಳು ಬಂದು, ಬುಟ್ಟಿ ತುಂಬಿಕೊಂಡು ಹೋಗುತ್ತಿದ್ದಳು. ಇಬ್ಬರಿಗೂ ಮಾತಿನ ಅಗತ್ಯವೇ ಬೀಳುತ್ತಿರಲಿಲ್ಲ.

ಒಂದು ದಿನ ದೋಣಿಯವನಿಗೂ ನಿನಗೆ ಬಂದಂಥ ಯೋಚನೆಯೇ ಬಂತು. ಅವನು ಒಳ್ಳೆಯವನು. ಒಳ್ಳೆಯವರಿಗೇ ಇಂಥ ಯೋಚನೆ ಬರುವುದು. ಅಂದಿನಿಂದ ಅವನು ದೇವರ ರಾಶಿ ಹಾಕುವುದನ್ನು ಬಿಟ್ಟ. ದಪ್ಪ ದಪ್ಪ ಬಂಗುಡೆಗಳನ್ನು ತಾನೇ ಆರಿಸಿ, ಎಲ್ಲರೆದುರು ವಿಧವೆಯ ಬುಟ್ಟಿಗೆ ಹಾಕಿದ. ಮಕ್ಕಳು ಹೇಗಿದ್ದಾರೆ ಎಂದು ವಿಚಾರಿಸಿದ. ಕೊಟ್ಟದ್ದು ಮೊದಲಿಗಿಂತ ಹೆಚ್ಚೇ. ಅವಳು ಕೈಮುಗಿದಳು. ಅವನ ಮನಸ್ಸು ತುಂಬಿಬಂತು.

ಕೆಲವು ದಿನ ಹೀಗೆ ನಡೆಯಿತು. ಆಮೇಲೆ ಅವಳು ದಡಕ್ಕೆ ಬರುವುದೇ ನಿಂತುಹೋಯಿತು. ಅವಳಿಗೆ ಒಳ್ಳೆಯ ದಿನ ಬಂದಿರಬೇಕು ಎಂದು ದೋಣಿಯವನು ತಿಳಿದ. ಅವಳು ಹೊಳೆಯಲ್ಲಿ ಚಿಪ್ಪುಮೀನು ಹೆಕ್ಕಿ ಮಕ್ಕಳಿಗೆ ಬೇಯಿಸಿ ಹಾಕುತ್ತಿದ್ದಾಳೆ, ಅದೂ ಸಿಗದ ದಿನ ಒಲೆ ಹೊತ್ತುವುದಿಲ್ಲ ಎಂದು ಹೆಂಡತಿ ಹೇಳಿದಾಗ ಅವನು ಹಿಡಿದ ಕೆಲಸ ಬಿಟ್ಟು ಎದ್ದ. ನೇರವಾಗಿ ಅವಳ ಮನೆಗೆ ಹೋದ.

"ತಂಗಿ, ನಾನು ಏನು ಕಡಿಮೆ ಮಾಡಿದೆ?"

"ಕಡಿಮೆ ಮಾಡಲಿಲ್ಲ ಅಣ್ಣ. ದೇವರ ರಾಶಿಯಿಂದ ತರ್ತಿದ್ದಾಗ ನನ್ನ ಮಕ್ಕಳು ದೇವರಿಗೆ ಸ್ತೋತ್ರ ಹೇಳಿ ಉಣ್ತಿದ್ದವು. ಈಗ ದಾರಿಯಲ್ಲಿ ನಿಮ್ಮನ್ನು ಕಂಡರೆ ತಲೆ ತಗ್ಗಿಸ್ತವೆ. ನನಗೆ ಅದು ನೋಡ್ಲಿಕ್ಕೆ ಆಗುವುದಿಲ್ಲ."

ಅವನಿಗೆ ಮೊದಲು ಸಿಟ್ಟೇ ಬಂತು. ಇಷ್ಟು ಮಾಡಿದರೂ ಈ ಮಾತೇ ಎಂದುಕೊಂಡು ಎದ್ದು ಹೊರಟ. ದಾರಿಯಲ್ಲಿ ಅವಳ ಚಿಕ್ಕ ಮಗಳು ಎದುರಾದಳು. ಅವನನ್ನು ಕಂಡವಳೇ ಪಕ್ಕಕ್ಕೆ ಸರಿದು, ತಲೆ ತಗ್ಗಿಸಿ ನಿಂತಳು. ದೋಣಿಯವನಿಗೆ ನಾಚಿಕೆಯಾಯಿತು.

ಮರುದಿನ ಅವನು ಮತ್ತೆ ಹತ್ತು ರಾಶಿ ಹಾಕಿದ. ದೇವರ ರಾಶಿ ಮತ್ತೆ ಇದೆ ಎಂದು ಸಭೆಯ ಹಿರಿಯರ ಮೂಲಕ ಅವಳಿಗೆ ಹೇಳಿಕಳಿಸಿದ. ತಾನು ಬೆನ್ನು ತಿರುಗಿಸಿ ಬಲೆ ತೊಳೆಯುತ್ತ ಕುಳಿತ. ಅವಳು ಬಂದಳು. ಒಂದು ಕ್ಷಣ ರಾಶಿಗಳನ್ನು ನೋಡಿದಳು. ಆಮೇಲೆ ದಡದವರಿಗೆಲ್ಲ ಕೇಳುವ ಹಾಗೆ, "ಅಣ್ಣ, ದೋಣಿಯ ರಾಶಿಗಿಂತ ದೇವರದ್ದು ಸಣ್ಣದಾಗಿದೆಯಲ್ಲ, ಇದು ಯಾವ ನ್ಯಾಯ?" ಎಂದು ಕೇಳಿದಳು.

ಆಳುಗಳು ನಕ್ಕರು. ದೋಣಿಯವನು ಎದ್ದು ಬಂದು, ದೋಣಿಯ ರಾಶಿಯಿಂದ ಎರಡು ಬಂಗುಡೆ ತೆಗೆದು ದೇವರ ರಾಶಿಗೆ ಹಾಕಿದ. ಅವಳು ಕೈಮುಗಿಯಲಿಲ್ಲ. ಬುಟ್ಟಿ ತುಂಬಿ ತಲೆಯ ಮೇಲಿಟ್ಟುಕೊಂಡು, ಕತ್ತು ನೆಟ್ಟಗೆ ಮಾಡಿ ನಡೆದಳು. ಅಂದು ದೋಣಿಯವನು ಹೊಟ್ಟೆ ತುಂಬ ಉಂಡ.

ಅಯ್ಯನವರು ಕತೆ ಮುಗಿಸಿದರು. ನತಾನಿಯೇಲನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. "ಹಾಗಾದರೆ ನನ್ನ ಕೈಯಿಂದ ಕೊಡುವುದು ತಪ್ಪೆ?" ಎಂದು ಕೇಳಿದ.

"ಕೊಡು ಮಾರಾಯ, ತೆಗೆದುಕೊಂಡವನು ನಾಳೆ ನಿನ್ನ ಸಂಗಡ ಜಗಳ ಆಡಬಲ್ಲನೇ ಎಂಬುದನ್ನು ಮಾತ್ರ ನೋಡಿಕೋ."